ಲಕ್ಕವ್ವನ ಮೊಮ್ಮಗಳ ವೇಷ

ನಮ್ಮ ಸಂಘಮಿತ್ರಾ ಯಾರ ಮೇಲೂ ದನಿಯೇರಿಸಿದವಳಲ್ಲ. ಅವಳ ಪಾಲಿನ ಸಿಟ್ಟನ್ನೂ ಸೇರಿಸಿ ದೇವರು ನನಗೇ ಕೊಟ್ಟಿರಬೇಕು. ಅವಳ ಕಥೆಯನ್ನು ನಾನು ಹೇಳಹೊರಟರೆ ನಡುನಡುವೆ ಬೈಗುಳ ಬೀಳುವುದು ಖಂಡಿತ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಅಮ್ಮಣ್ಣಿ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಸಂಘಮಿತ್ರಾ ನನ್ನ ಅಕ್ಕ ಯಲ್ಲಮ್ಮನ ಮಗಳು. ಅವಳ ಅಪ್ಪ, ಅಂದರೆ ನಮ್ಮ ಭಾವ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು, ಹಾಗಾಗಿ ಆ ಹೆಸರು. ನಮ್ಮವ್ವ ಲಕ್ಕವ್ವನಿಗೆ ಅಷ್ಟುದ್ದದ ಹೆಸರು ಕೂಗುವಷ್ಟು ಪುರುಸೊತ್ತು ಎಲ್ಲಿತ್ತು? ‘ಸಂಗಿ’ ಎಂದಳು. ಮನೆಯವರಿಗೆಲ್ಲ ಅದೇ ರೂಢಿಯಾಯಿತು.

ಸಂಗಿ ಬಿ.ಕಾಂ ಮುಗಿಸಿ ಕೆಲವು ತಿಂಗಳು ಒಂದು ಆಫೀಸಿನಲ್ಲಿ ಕೂತಳು, ಆಮೇಲೆ ಬಿಟ್ಟು ನನ್ನ ಅಂಗಡಿಗೆ ಬಂದಳು. ಅಕ್ಕ ನನ್ನ ಮೇಲೆ ಕೂಗಾಡಿದಳು, ಓದಿದ ಮಗಳನ್ನು ಮಿಷನ್ ಮುಂದೆ ಕೂರಿಸಿದೆ ಎಂದು. ನಾನೇನು ಕೂರಿಸಲಿಲ್ಲ. ಹುಡುಗಿಯ ಕೈಯಲ್ಲಿ ಕೆಲಸವಿತ್ತು. ನಾನು ಅಳತೆ ಹಿಡಿದು, ಗೆರೆ ಎಳೆದು, ಎರಡು ಸಲ ನೋಡಿ ಕತ್ತರಿಸುವುದನ್ನು ಅವಳು ಬಟ್ಟೆ ನೋಡುತ್ತಲೇ ಕತ್ತರಿಸುತ್ತಿದ್ದಳು. ಅದು ಕಲಿಸಿ ಬರುವುದಲ್ಲ.

ಅವಳಿಗೆ ಕಾಸ್‌ಪ್ಲೇ ಹುಚ್ಚು ಹತ್ತಿಸಿದವಳು ಚೈತನ್ಯ. ಜಯನಗರದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನವರು. ಪದ್ಮನಾಭನಗರದಲ್ಲಿ ಚೈತನ್ಯಳ ಮನೆ, ವಸಂತಪುರದಲ್ಲಿ ಅವಳ ಅಜ್ಜಿಯ ತೋಟ. ಒಂದು ಕಾಲದಲ್ಲಿ ಹೊಲ ಉಳುತ್ತಿದ್ದ ಮನೆತನ, ಈಗ ಕಟ್ಟಡಗಳ ಬಾಡಿಗೆಯ ಮೇಲೆ ನಡೆಯುತ್ತದೆ. ಅದೆಲ್ಲ ಇರಲಿ, ಹುಡುಗಿ ಬಿಚ್ಚುಮನಸ್ಸಿನವಳು ಎಂದುಕೊಂಡಿದ್ದೆ. ನಮ್ಮ ಅಕ್ಕನ ಮನೆಯಲ್ಲಿ ನೆಲದ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದಳು, ಬಸ್ಸಾರು ಕೇಳಿ ಹಾಕಿಸಿಕೊಳ್ಳುತ್ತಿದ್ದಳು, ಹೊತ್ತಾದರೆ ಸಂಗಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳುವಷ್ಟು ಬುದ್ಧಿ ನನಗೂ ಆಗ ಇರಲಿಲ್ಲ.

ಕಾಸ್‌ಪ್ಲೇ ಎಂದರೆ ಗೇಮು, ಕಾಮಿಕ್ಸುಗಳ ಪಾತ್ರಗಳಂತೆ ವೇಷ ಹಾಕಿಕೊಂಡು ಒಂದು ಕಡೆ ಸೇರುವುದು, ಫೋಟೊ ತೆಗೆಸಿಕೊಳ್ಳುವುದು. ನಮ್ಮ ಕಡೆ ಇದನ್ನೇ ಹಗಲುವೇಷ ಅನ್ನುತ್ತಾರೆ, ಹೊಸದಾಗಿ ಕಂಡುಹಿಡಿದವರ ಹಾಗೆ ಆಡಬೇಡಿ ಎಂದು ನಾನು ರೇಗಿಸುತ್ತಿದ್ದೆ. ಸಂಗಿ ಊರವರಿಗೆಲ್ಲ ವೇಷ ಹೊಲಿದುಕೊಟ್ಟಳು. ಜಮಖಾನದಂತೆ ಹಾಸುವ ಫೋಮ್ ಶೀಟನ್ನು ಬಿಸಿ ಮಾಡಿ ಬಗ್ಗಿಸಿ ಕವಚ ಮಾಡುತ್ತಿದ್ದಳು. ಬಣ್ಣ ಬಳಿದರೆ ತಾಮ್ರವೇ. ಅವರು ಕ್ಯಾಮೆರಾ ಮುಂದೆ ನಿಲ್ಲುವಾಗ ಇವಳು ಪಿನ್ನಿನ ಡಬ್ಬಿ ಹಿಡಿದು ಹಿಂದೆ ನಿಂತಿರುತ್ತಿದ್ದಳು. ಎಲ್ಲಾದರೂ ಬಿಚ್ಚಿಕೊಂಡರೆ ಓಡಿಹೋಗಿ ಚುಚ್ಚಬೇಕಲ್ಲ. ಅಷ್ಟು ಫೋಟೊಗಳಲ್ಲಿ ಒಂದರಲ್ಲೂ ಅವಳ ಮುಖವಿಲ್ಲ. ಒಂದರ ಮೂಲೆಯಲ್ಲಿ ಅವಳ ಚಪ್ಪಲಿ ಕಾಣುತ್ತದೆ, ಅಷ್ಟೇ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಂಗಡಿಯಲ್ಲಿ ಗುಂಡಿ ತೂರಿಸುವ ಕಾಜ ಮಾಡುತ್ತಾ ಕೂತಿದ್ದವಳು ತಲೆ ಎತ್ತದೆಯೇ ಹೇಳಿದಳು.

“ಚಿಕ್ಕಮ್ಮ, ಈ ಸಲ ನಾನೇ ಹಾಕ್ಕೋತೀನಿ.”

ನನಗೆ ಎಷ್ಟು ಖುಷಿಯಾಯಿತೆಂದರೆ ಕೆಲಸ ಬಿಟ್ಟು ಎರಡು ಕಾಫಿ ತರಿಸಿದೆ. ಒಂದು ದೊಡ್ಡ ಕಾಸ್‌ಪ್ಲೇ ಮೇಳ ನಡೆಯುವುದಿತ್ತು. ತಾವೇ ಕಲ್ಪಿಸಿದ ಪಾತ್ರಗಳಿಗೆ ಅಲ್ಲಿ ಬೇರೆ ಸ್ಪರ್ಧೆ. ಮೊದಲು ಫೋಟೊ ಕಳಿಸಬೇಕು, ಆಯ್ಕೆಯಾದವರು ವೇದಿಕೆಯ ಮೇಲೆ ನಡೆಯಬೇಕು. ಸಂಗಿ ಕಟ್ಟಿದ ಪಾತ್ರಕ್ಕೆ ‘ಕೆರೆ ಕಾಯೋಳು’ ಎಂದು ಹೆಸರು. ಕೆರೆಯೊಳಗೆ ವಾಸ, ಕೆರೆಗೆ ಮಣ್ಣು ತುಂಬಲು ಬಂದವರ ಮುಂದೆ ಎದ್ದು ನಿಲ್ಲುತ್ತಾಳೆ. ಯಡಿಯೂರು ಕೆರೆ ನೋಡಿಕೊಂಡು ಬೆಳೆದವಳು ಮತ್ತೇನು ಕಲ್ಪಿಸಿಯಾಳು?

ಆ ವೇಷಕ್ಕೆ ಅವಳು ಹೊಸ ಬಟ್ಟೆ ಕೊಳ್ಳಲಿಲ್ಲ. ನನ್ನ ಅಂಗಡಿಯ ಚಿಂದಿ ಚೀಲ ಬಿಚ್ಚಿದಳು. ಸುತ್ತಮುತ್ತಲಿನ ಮದುವೆಗಳ ಬ್ಲೌಸ್ ಪೀಸುಗಳ ಚೂರು, ಜರಿ, ಬ್ರೊಕೇಡು ಎಲ್ಲವನ್ನೂ ಮೀನಿನ ಹುರುಪೆಯಂತೆ ಕತ್ತರಿಸಿ ಒಂದರ ಮೇಲೊಂದು ಕೂರಿಸಿ ಹೊಲಿದಳು, ಮೇಲೆ ಕಟ್ಟಲು ಒಂದು ಕವಚ ಮಾಡಿದಳು. ಬಿಸಿಲಿಗೆ ಹಿಡಿದರೆ ನೀರು ಅಲುಗಾಡಿದ ಹಾಗೆ ಕಾಣುತ್ತಿತ್ತು. ಯಾವ ಹುರುಪೆ ಯಾರ ಮದುವೆಯದೆಂದು ಗುರುತಿಸುವುದೇ ನನಗೊಂದು ಆಟವಾಗಿತ್ತು.

ಫೋಟೊ ಎಲ್ಲಿ ತೆಗೆಸುವುದು? ಪಾರ್ಕಿನಲ್ಲಿ ದೊಡ್ಡ ಕ್ಯಾಮೆರಾ ಕಂಡರೆ ಗಾರ್ಡು ಸೀಟಿ ಊದಿಕೊಂಡು ಬರುತ್ತಾನೆ. ಕೆರೆಯ ದಂಡೆಯ ಮೇಲೂ ಅದೇ ಹಾಡು. ಆಗ ಚೈತನ್ಯಳೇ ಹೇಳಿದಳು, ಅಜ್ಜಿಯ ತೋಟವಿದೆಯಲ್ಲ ಎಂದು. ಕಲ್ಲಿನ ಮೆಟ್ಟಿಲ ಬಾವಿ, ಪಕ್ಕದಲ್ಲಿ ನಾಲ್ಕು ಕಂಬದ ಪುಟ್ಟ ಮಂಟಪ, ಹಳೆಯ ಸಂಪಿಗೆ ಮರ, ಮಲ್ಲಿಗೆ, ಕನಕಾಂಬರದ ಪಾತಿಗಳು. ಸುತ್ತ ಅಪಾರ್ಟ್‌ಮೆಂಟು ಎದ್ದರೂ ಅಜ್ಜಿ ಮಂಗಮ್ಮ ಅದೊಂದನ್ನು ಮಾರಲು ಬಿಟ್ಟಿರಲಿಲ್ಲ.

ತೋಟದ ಹೆಸರು ಕೇಳಿ ನಾನು ಕತ್ತರಿ ಕೆಳಗಿಟ್ಟೆ. ನಮ್ಮವ್ವ ಲಕ್ಕವ್ವ ಹೂವು ಬಿಡಿಸಲು ಹೋಗುತ್ತಿದ್ದುದು ಅದೇ ತೋಟಕ್ಕೆ. ಅವಳ ಸೆರಗು ಹಿಡಿದು ನಾನೂ ಹೋಗಿದ್ದೇನೆ. ಬಾವಿಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಬಾಯಾರಿದರೆ ಅವ್ವ ಬಗ್ಗಿ ಬೊಗಸೆ ಒಡ್ಡುತ್ತಿದ್ದಳು, ಆ ಮನೆಯ ಸೊಸೆ ಮಂಗಮ್ಮ ಮೇಲಿನಿಂದ ನೀರು ಹುಯ್ಯುತ್ತಿದ್ದರು. ಅರ್ಧ ನೀರು ಅವ್ವನ ಮೊಣಕೈಯಿಂದ ಇಳಿದು ಮಣ್ಣಿಗೆ ಹೋಗುತ್ತಿತ್ತು. ಇದನ್ನೆಲ್ಲ ಹೇಳಿ, ಆ ತೋಟ ಬೇಡ ಕಣೇ ಎಂದೆ. ಸಂಗಿ ನನ್ನ ಮಾತು ಪೂರ್ತಿ ಕೇಳಿದಳು. ಅಜ್ಜಿ ಇಳಿಯದ ಮೆಟ್ಟಿಲ ಮೇಲೆ ತಾನು ಕೂತು ಫೋಟೊ ತೆಗೆಸಿಕೊಳ್ಳಬೇಕು, ಬೇರೆ ಎಲ್ಲೂ ಬೇಡ ಎಂದು ಅಂದೇ ನಿರ್ಧಾರ ಮಾಡಿದಳು. ನನ್ನ ಮಾತಿನ ಫಲ ನೋಡಿ!

ಜಾಗ ನೋಡಿ ಬರಲು ಇಬ್ಬರು ಗೆಳತಿಯರೂ ಫೋಟೊಗ್ರಾಫರ್ ದಿನೇಶನನ್ನು ಕರೆದುಕೊಂಡು ಒಂದು ಭಾನುವಾರ ಹೋದರು. ಬೆಳಗಿನ ಬಿಸಿಲು ಯಾವ ಮೆಟ್ಟಿಲಿಗೆ ಬೀಳುತ್ತದೆ, ಬಟ್ಟೆ ಬದಲಾಯಿಸಲು ಎಲ್ಲಿ ಮರೆ, ಕವಚವನ್ನು ಆಟೋದಲ್ಲಿ ಮಡಚದೆ ತರುವುದು ಹೇಗೆ, ಎಲ್ಲ ಯೋಚಿಸಿದರು. ಸಂಗಿ ಬಂದು ಪ್ಯಾಟರ್ನ್ ಕಾಗದದ ಹಿಂದೆ ಬಾವಿಯ ಚಿತ್ರ ಬರೆದು ನನಗೆ ತೋರಿಸಿದಳು: ಇಲ್ಲಿ ಕೂರುತ್ತೇನೆ, ಇಲ್ಲಿ ಕಾಲು ನೀರಿಗೆ ಬಿಡುತ್ತೇನೆ. ಒಂದು ವಿಷಯ ಮಾತ್ರ ಕೊನೆಯಲ್ಲಿ ಮೆಲ್ಲಗೆ ಹೇಳಿದಳು. ಮಂಗಮ್ಮಜ್ಜಿ ಮೊದಲು ಚೆನ್ನಾಗಿಯೇ ಮಾತಾಡಿದರಂತೆ, ಗಿಡಗಿಡವನ್ನೂ ತೋರಿಸಿದರಂತೆ. ಆಮೇಲೆ ಯಾರ ಪೈಕಿ ಮಗಳೇ ನೀನು ಎಂದು ಕೇಳಿದರಂತೆ. ಯಡಿಯೂರಿನ ಲಕ್ಕವ್ವನ ಮೊಮ್ಮಗಳು ಎಂದು ಇವಳು ಹೇಳಿದ್ದೇ ತಡ, ಮುದುಕಿಯ ಮುಖ ಇಳಿಯಿತು. ಒಳಗೆ ಹೋದವರು ಇವರು ಹೊರಡುವವರೆಗೂ ಆಚೆ ಬರಲಿಲ್ಲ.

ನಾನು ಹೇಳಿರಲಿಲ್ಲವೇ ಎಂದೆ. ಸಂಗಿ ಕಾಗದ ಮಡಚಿಟ್ಟಳು.

ಯುಗಾದಿ ಕಳೆದು ಫೋಟೊ ದಿನ ಹತ್ತಿರ ಬಂತು. ವೇಷ ಮುಗಿದು ಅಂಗಡಿಯ ಗೋಡೆಗೆ ನೇತುಹಾಕಿತ್ತು. ಬ್ಲೌಸ್ ಒಯ್ಯಲು ಬಂದವರೆಲ್ಲ ಮುಟ್ಟಿ ನೋಡಿ, ಯಾರಿಗೆ ಎಂದು ಕೇಳುತ್ತಿದ್ದರು. ನಮ್ಮ ಹುಡುಗಿಗೇ ಎಂದು ನಾನು ಬೀಗುತ್ತಿದ್ದೆ. ಆಗ ಒಂದು ಮಧ್ಯಾಹ್ನ ಚೈತನ್ಯ ಬಂದಳು. ಸ್ಟೂಲಿನ ಮೇಲೆ ಕೂತವಳು ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದಳು.

“ಅಜ್ಜಿ ಬೇಡ ಅಂದ್ರು ಕಣೆ, ಸಂಗಿ. ನೀನು ತೋಟಕ್ಕೆ ಬರೋದೇ ಬೇಡ್ವಂತೆ. ಯಾಕೆ ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಾ?”

ಸಂಗಿ ಏನೂ ಕೇಳಲಿಲ್ಲ. ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟಳು. ಹಳೆಯ ಕಾಲದವರು, ಬಿಡು, ನೀನೇನು ಮಾಡ್ತೀಯ ಎಂದು ಅವಳ ಬೆನ್ನು ಸವರಿದಳು. ಪೆಟ್ಟು ತಿಂದವಳೇ ಸಮಾಧಾನ ಮಾಡಿದಳು ನೋಡಿ, ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತು ಮುಗಿದ ಮೇಲೆ ಚೈತನ್ಯ ಇನ್ನೊಂದು ಮಾತು ತೆಗೆದಳು. ದಿನೇಶ ಮತ್ತೆ ಸಿಗುವುದಿಲ್ಲ, ಫೋಟೊ ಕಳಿಸಲು ಕೊನೆಯ ದಿನ ಬಂದುಬಿಟ್ಟಿದೆ, ಇಷ್ಟು ಚೆನ್ನಾದ ಕೆಲಸ ಯಾರೂ ನೋಡದೆ ಗೋಡೆಯ ಮೇಲೇ ಇರುತ್ತದೆ. ಬೇಕಾದರೆ ತಾನು ಹಾಕಿಕೊಂಡು ತೆಗೆಸುತ್ತೇನೆ, ಹೆಸರು ಸಂಗಿಯದೇ ಇರುತ್ತದೆ. ಸಂಗಿ ವೇಷವನ್ನು ಗೋಡೆಯಿಂದ ಇಳಿಸಿದಳು. ಆಮೇಲೆ ತಾನೇ ಟೇಪು ತಗೊಂಡು ಚೈತನ್ಯಳ ಅಳತೆ ಹಿಡಿದಳು.

ಚೈತನ್ಯಳ ಭುಜ ಅಗಲ. ಪಕ್ಕದ ಹೊಲಿಗೆ ಬಿಚ್ಚಿ ಒಳಗೆ ಬಿಟ್ಟಿದ್ದ ಬಟ್ಟೆ ಆಚೆ ತೆಗೆಯಬೇಕಿತ್ತು. ಸಂಗಿ ಬ್ಲೇಡು ಹಿಡಿದು ಹೊಲಿಗೆ ಬಿಚ್ಚದೆ ಕೂತದ್ದನ್ನು ಕಂಡು ನಾನೇ ಕಿತ್ತುಕೊಂಡು ಬಿಚ್ಚಿದೆ. ಬಿಚ್ಚುತ್ತಾ ಬಿಚ್ಚುತ್ತಾ ಮಂಗಮ್ಮನ ವಂಶವನ್ನೆಲ್ಲ ಬೈದೆ. ಚೈತನ್ಯ ಅಲ್ಲೇ ಕೂತು ತನ್ನ ಅಜ್ಜಿಯನ್ನು ಬೈಸಿಕೊಂಡಳು, ಒಂದು ಮಾತು ಎದುರಾಡಲಿಲ್ಲ. ಪಾಪ, ನ್ಯಾಯ ತಿಳಿದವಳು ಎಂದುಕೊಂಡೆ. ಥೂ ನನ್ನ ಬುದ್ಧಿಗೆ!

ಫೋಟೊ ದಿನ ಬೆಳಿಗ್ಗೆ ಸಂಗಿ ಪದ್ಮನಾಭನಗರಕ್ಕೆ ಹೋಗಿ ಅವಳಿಗೆ ವೇಷ ಕಟ್ಟಿದಳು. ಕವಚ ಬಿಗಿದಳು, ಹುರುಪೆಗಳನ್ನು ಒಂದೊಂದಾಗಿ ಸರಿಪಡಿಸಿದಳು, ಪಿನ್ನಿನ ಡಬ್ಬಿಯನ್ನು ಅವಳ ಕೈಗೇ ಕೊಟ್ಟು ಕಾರು ಹತ್ತಿಸಿದಳು. ಕಾರು ವಸಂತಪುರದ ಕಡೆ ಹೋಯಿತು, ಇವಳು ಬಸ್ಸಿನಲ್ಲಿ ಅಂಗಡಿಗೆ ಬಂದಳು. ಬಂದವಳೇ ಯಾರದೋ ಲೆಹೆಂಗಾದ ಅಂಚು ಹೊಲಿಯಲು ಕೂತಳು.

ಫೋಟೊ ಎಲ್ಲರ ಮೊಬೈಲಿಗೂ ಬಂತು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಬಾವಿಯ ಮೆಟ್ಟಿಲ ಮೇಲೆ ಚೈತನ್ಯ ಕೂತಿದ್ದಾಳೆ, ಕಾಲು ನೀರಿನಲ್ಲಿ, ಬೆನ್ನ ಮೇಲೆ ಉದ್ದಕ್ಕೆ ಮೊಗ್ಗಿನ ಜಡೆ. ನಮ್ಮ ಹುಡುಗಿ ಕಾಗದದ ಮೇಲೆ ಬರೆದಿದ್ದಂತೆಯೇ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ನನ್ನ ಕಲ್ಪನೆ, ನನ್ನ ಕೈಕೆಲಸ, ನನ್ನಜ್ಜಿಯ ತೋಟ. ಸಂಗಿಯ ಹೆಸರು ಎಲ್ಲೂ ಇರಲಿಲ್ಲ. ಸಂಗಿ ಫೋನ್ ಮಾಡಿ ಕೇಳಿದರೆ, ಹೊಲಿದವರೇ ಹಾಕಿಕೊಂಡಿರಬೇಕು ಎಂದು ಸ್ಪರ್ಧೆಯ ನಿಯಮವಂತೆ, ವೇದಿಕೆಯ ನಡಿಗೆ ಮುಗಿಯಲಿ, ಆಮೇಲೆ ಎಲ್ಲರಿಗೂ ಹೇಳುತ್ತೇನೆ ಎಂದಳಂತೆ. ಆ ಫೋಟೊ ಆಯ್ಕೆಯೂ ಆಗಿತ್ತು. ಸಂಗಿ ಅದನ್ನೂ ನಂಬಿದಳು.

ನನ್ನ ಕಣ್ಣು ಮಾತ್ರ ಆ ಜಡೆಯ ಮೇಲೇ ನಿಂತಿತ್ತು. ವಸಂತಪುರದ ಸುತ್ತಮುತ್ತ ಮದುಮಗಳಿಗೆ ಮೊಗ್ಗಿನ ಜಡೆ ಎಂದರೆ ಮಂಗಮ್ಮನೇ ಹೆಣೆಯಬೇಕು. ತನ್ನ ಮೊಮ್ಮಗಳಿಗೆ ಕೂತು ಜಡೆ ಹೆಣೆದಿದ್ದಾಳೆ, ನಮ್ಮ ಹುಡುಗಿಗೆ ಬಾಗಿಲು ಹಾಕಿದ್ದಾಳೆ. ಇಷ್ಟಕ್ಕೆಲ್ಲ ಮೂಲ ಆ ಮುದುಕಿಯೇ ಎಂದು ನನ್ನ ತಲೆ ಕಾಯಿತು. ಮಾರನೆಯ ದಿನ ಸಂಗಿಗೆ ಹೇಳದೆ ಬನಶಂಕರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ವಸಂತಪುರಕ್ಕೆ ಹೊರಟೆ. ಕಾಲು ಕೆರೆದು ಜಗಳಕ್ಕೆ ಹೋಗುವುದು ಎನ್ನುತ್ತಾರಲ್ಲ, ಅದೇ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ.

ತೋಟದ ಗೇಟಿನಲ್ಲಿ ಮಂಗಮ್ಮನೇ ಇದ್ದರು. ಬಗ್ಗಿದ ಬೆನ್ನು, ಕೈಯಲ್ಲಿ ಹೂವಿನ ಬುಟ್ಟಿ. ಯಾರೆಂದು ತಿಳಿಯದಿದ್ದರೂ ಒಳಗೆ ಬಾಮ್ಮ ಎಂದರು. ನಾನು ಗೇಟು ದಾಟಲಿಲ್ಲ.

“ನಾನು ಲಕ್ಕವ್ವನ ಮಗಳು. ಇಲ್ಲೇ ನಿಂತ್ಕೋತೀನಿ. ಬೇಕಾದ್ರೆ ಬೊಗಸೆ ಒಡ್ತೀನಿ, ಮೇಲಿಂದ ನೀರು ಹುಯ್ರಿ.”

ಬುಟ್ಟಿ ಅವರ ಕೈಯಿಂದ ಜಾರಿತು. ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕೂತುಬಿಟ್ಟರು. ನಾನು ಬಾಯಿಪಾಠ ಮಾಡಿದ್ದರಲ್ಲಿ ಮುಂದಿನದನ್ನು ತೆಗೆಯುವಷ್ಟರಲ್ಲಿ ಅವರೇ ಕೇಳಿದರು.

“ಆ ಹುಡುಗಿ ಯಾಕಮ್ಮ ಬರ್ಲಿಲ್ಲ? ಜಡೆ ಹೆಣೆದಿದ್ದು ಅವಳಿಗೇ ಅಂತ. ‘ನಮ್ಮಜ್ಜೀನ ಬಾವಿ ಹತ್ರ ಬಿಡ್ದೇ ಇದ್ದೋರ ಮನೇಲಿ ಕಾಲಿಡಲ್ಲ’ ಅಂದ್ಳಂತೆ. ಚೈತನ್ಯ ಬಂದು ಹೇಳಿದ್ಳು. ಅವಳು ಅಂದಿದ್ದು ಸರಿಯಾಗೇ ಇದೆ ಅಂತ ನಾನು ಬಾಯಿ ಮುಚ್ಕೊಂಡೆ.”

ಗೇಟು ದಾಟಿ ಅವರ ಪಕ್ಕದಲ್ಲೇ ಕೂತೆ. ಅಂದು ಸಂಗಿ ಲಕ್ಕವ್ವನ ಹೆಸರು ಹೇಳಿದಾಗ ಮುಖ ತೋರಿಸಲಾಗದೆ ಒಳಗೆ ಹೋದರಂತೆ. ನೀರು ಹುಯ್ಯುತ್ತಿದ್ದ ಕೈ ತನ್ನದೇ ಅಲ್ಲವೇ? ಆಮೇಲೆ ಯೋಚಿಸಿ, ಅವಳು ಬಂದ ದಿನ ತಾನೇ ಕೈ ಹಿಡಿದು ಬಾವಿಗೆ ಇಳಿಸಬೇಕು, ತಲೆಗೆ ಜಡೆ ಕಟ್ಟಬೇಕು ಎಂದು ಚೈತನ್ಯಳ ಹತ್ತಿರ ಹೇಳಿ ಕಳಿಸಿದರಂತೆ. ಆ ಮಾತು ನಮ್ಮ ಮನೆಗೆ ಬರಲೇ ಇಲ್ಲ. ಇಲ್ಲಿಂದ ಹೊರಟಿದ್ದು ಒಂದು, ಅಲ್ಲಿ ತಲುಪಿದ್ದು ಇನ್ನೊಂದು. ಇಬ್ಬರ ನಡುವೆ ಓಡಾಡಿದವಳು ಎರಡು ಕಡೆಗೂ ಒಂದೊಂದು ಸುಳ್ಳು ಕೊಟ್ಟಿದ್ದಳು. ಮಂಗಮ್ಮ ಲೋಟದಲ್ಲಿ ನೀರು ತಂದುಕೊಟ್ಟರು. ಕುಡಿದೆ. ಜಗಳವಾಡಲು ಅಷ್ಟು ದೂರ ಹೋಗಿ ಅವರ ಜೊತೆ ಕೂತು ಅತ್ತು ಬಂದೆ.

ಸಂಗಿಗೆ ಹೇಳದೆ ಇದ್ದುಬಿಡೋಣ ಎಂದೂ ಅನ್ನಿಸಿತು. ಆದರೆ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಅಂಗಡಿಗೆ ಬಂದ ತಕ್ಷಣ ಎಲ್ಲ ಹೇಳಿದೆ. ಅವಳು ಮಿಷನ್ ನಿಲ್ಲಿಸಿ ಕೇಳಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ದಾರದ ಉಂಡೆಯನ್ನು ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು, ಇದನ್ನೇ ಸಂಜೆಯವರೆಗೂ ಮಾಡಿದಳು.

ಆ ವಾರದಲ್ಲೇ ಚೈತನ್ಯ ಬಂದಳು. ಕವರಿನಲ್ಲಿ ವೇಷವಿತ್ತು. ಕಂಕುಳಲ್ಲಿ ಬಿಗಿಯಾಗಿ ಸ್ವಲ್ಪ ಹರಿದಿದೆಯಂತೆ, ವೇದಿಕೆಯ ನಡಿಗೆ ಹತ್ತಿರ ಬಂತಂತೆ, ಸಡಿಲ ಮಾಡಿಕೊಡಬೇಕಂತೆ. ಉಂಡ ಮನೆಗೆ ಎರಡು ಬಗೆದವಳು ಅದೇ ಮನೆಗೆ ಹೊಲಿಸಲು ಬಂದಿದ್ದಾಳೆ! ನಾನು ಬಾಯಿ ತೆರೆಯುವುದರೊಳಗೆ ಸಂಗಿ ನನ್ನ ಕಡೆ ಕೈ ತೋರಿಸಿ ಸುಮ್ಮನಿರಿಸಿದಳು. ವೇಷವನ್ನು ಮೇಜಿನ ಮೇಲೆ ಹರವಿದಳು.

“ಅಜ್ಜಿ ಬೇಡ ಅಂದ್ರು ಅಂತ ಯಾಕೆ ಹೇಳ್ದೆ?”

ಚೈತನ್ಯ ನನ್ನ ಮುಖ ನೋಡಿದಳು. ಅಜ್ಜಿಗೆ ಮರೆವು, ಏನೇನೋ ಅನ್ನುತ್ತಾರೆ ಎಂದು ಶುರುಮಾಡಿದಳು. ಸಂಗಿ ಕಾಯುತ್ತಲೇ ಇದ್ದಳು. ಆಮೇಲೆ ಚೈತನ್ಯ, ತನಗೂ ಆ ವೇಷ ಹಾಕಿಕೊಳ್ಳಬೇಕೆಂದು ತುಂಬಾ ಆಸೆಯಾಯಿತು, ಗೋಡೆಯ ಮೇಲೆ ನೋಡಿದಂದಿನಿಂದ ನಿದ್ದೆಯಿಲ್ಲ, ತಪ್ಪಾಯಿತು ಎಂದಳು. ಆಸೆಯಾದರೆ ಕೇಳಬಹುದಿತ್ತು, ನಿನಗೂ ಒಂದು ಹೊಲಿದುಕೊಡುತ್ತಿದ್ದೆ ಎಂದು ಸಂಗಿ ಹೇಳಿದಳು. ಅವಳ ದನಿ ಆಗಲೂ ಏರಲಿಲ್ಲ.

“ಹೇಳೋಕೆ ಸಾವಿರ ಸುಳ್ಳಿತ್ತಲ್ಲ. ಅದೇ ಯಾಕೆ?”

ಚೈತನ್ಯ ತಲೆ ತಗ್ಗಿಸಿ ಹೇಳಿದಳು. “ಬೇರೆ ಏನ್ ಹೇಳಿದ್ರೂ ನೀನು ಯಾಕೆ ಅಂತ ಕೇಳ್ತಿದ್ದೆ. ಇದೊಂದಕ್ಕೆ ಕೇಳಲ್ಲ ಅಂತ ಗೊತ್ತಿತ್ತು.”

ಅಷ್ಟು ವರ್ಷ ಪಕ್ಕದಲ್ಲಿ ಕೂತು, ಪಕ್ಕದಲ್ಲಿ ಉಂಡು, ಪಕ್ಕದಲ್ಲಿ ಮಲಗಿ ಆ ಹುಡುಗಿ ನಮ್ಮಿಂದ ಕಲಿತಿದ್ದು ಇದನ್ನು. ನಾವು ಎಲ್ಲಿ ಮಾತಾಡದೆ ಸುಮ್ಮನಾಗುತ್ತೇವೆ ಎಂಬುದನ್ನು. ನನಗೆ ಕೈ ಎತ್ತಬೇಕೆನ್ನಿಸಿತು, ಆದರೆ ಕೈ ಏಳಲಿಲ್ಲ.

ಸಂಗಿ ಡ್ರಾಯರಿನಿಂದ ಬ್ಲೇಡು ತೆಗೆದಳು. ಪಕ್ಕದ ಹೊಲಿಗೆಯನ್ನು ಮೇಲಿನಿಂದ ಬಿಚ್ಚುತ್ತಾ ಬಂದಳು. ಈ ಸಲ ಬ್ಲೇಡನ್ನು ನನಗೆ ಬಿಟ್ಟುಕೊಡಲಿಲ್ಲ. ಚೈತನ್ಯ ಕಣ್ಣೊರೆಸಿಕೊಂಡು, ಸಂಗಿ ತನ್ನನ್ನು ಕ್ಷಮಿಸಿ ಕೆಲಸಕ್ಕೆ ಕೂತಳು ಎಂದೇ ತಿಳಿದು, ಸ್ಟೂಲು ಎಳೆದುಕೊಂಡಳು. ಎಷ್ಟು ಹೊತ್ತಾಗುತ್ತೆ ಎಂದು ಕೇಳಿದಳು.

“ನನ್ನ ಅಳತೆಗೆ ಬರೋ ತನಕ” ಎಂದಳು ಸಂಗಿ.

ಚೈತನ್ಯಳಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಆಮೇಲೆ ಖಾಲಿ ಕವರು ಅಲ್ಲೇ ಬಿಟ್ಟು ಎದ್ದು ಹೋದಳು. ವೇದಿಕೆಯ ಮೇಲೆ ಅವಳೂ ನಡೆಯಲಿಲ್ಲ, ಇವಳೂ ನಡೆಯಲಿಲ್ಲ. ಮೇಳ ಬಂತು, ಮುಗಿಯಿತು.

ವೇಷ ಮತ್ತೆ ಗೋಡೆಯ ಮೇಲಿದೆ, ಸಂಗಿಯ ಅಳತೆಗೆ. ಮಂಗಮ್ಮ ಆಗಾಗ ಫೋನ್ ಮಾಡುತ್ತಾರೆ. ಮಲ್ಲಿಗೆ ಇನ್ನೂ ಮುಗಿದಿಲ್ಲ, ಯಾವತ್ತು ಬರ್ತೀಯ ಮಗಳೇ, ಜಡೆ ಹೆಣೆದಿಡ್ತೀನಿ ಎನ್ನುತ್ತಾರೆ. ಬರ್ತೀನಿ ಅಜ್ಜಿ ಎಂದು ಇವಳು ಪ್ರತಿ ಸಲವೂ ಹೇಳುತ್ತಾಳೆ, ಹೋಗುವುದಿಲ್ಲ. ಮೊನ್ನೆ ಅಂಗಡಿ ಬಾಗಿಲು ಹಾಕುವಾಗ ನಾನು ರೇಗಿದೆ. ಆ ಮುದುಕಿ ಬಾಗಿಲು ತೆಗೆದು ಕೂತಿದೆ, ಮೆಟ್ಟಿಲು ಕಾಯುತ್ತಿದೆ, ಇನ್ನೇನು ಕಷ್ಟ ನಿನಗೆ ಎಂದೆ. ಸಂಗಿ ಬೀಗದ ಕೈ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಳು.

“ಮಂಗಮ್ಮಜ್ಜಿನೇ ಬೇಡ ಅಂದಿದ್ರೆ ಚೆನ್ನಾಗಿರ್ತಿತ್ತು, ಚಿಕ್ಕಮ್ಮ. ಅದನ್ನ ಹೆಂಗೆ ತಡ್ಕೋಬೇಕು ಅಂತ ನಮ್ಮಮ್ಮ ಹೇಳ್ಕೊಟ್ಟಿದ್ಳು. ಗೆಳತಿ ಮಾಡಿದ್ದನ್ನ ತಡ್ಕೊಳ್ಳೋದು ಯಾರೂ ಹೇಳ್ಕೊಟ್ಟಿಲ್ಲ.”

ಬೀಗ ಹಾಕಿದಳು. ಇಬ್ಬರೂ ಕೆರೆಯ ಪಕ್ಕದಲ್ಲೇ ಮನೆಗೆ ನಡೆದೆವು.